ಕಂಡೆನ್ಸರ್ ಕೊಳವೆಗಳಲ್ಲಿ ಸುಣ್ಣದ ಹಕ್ಕಳೆ: ಕೆಮಿಕಲ್ ಹಾಕಿದರೂ ನಿಲ್ಲುತ್ತಿಲ್ಲ, ಕಾರಣ ಏನಿರಬಹುದು?

ಪ್ರಶ್ನೆ: ಶೈತ್ಯಾಗಾರದ ಮೇಲ್ವಿಚಾರಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಹೊರವಲಯದಲ್ಲಿರುವ ಒಂದು ಮೆಣಸಿನಕಾಯಿ ಶೈತ್ಯಾಗಾರದಲ್ಲಿ ನಾನು ಯಂತ್ರಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಸಿರುಗುಪ್ಪ, ಕುರುಗೋಡು, ಕಂಪ್ಲಿ ಕಡೆಯ ರೈತರು ಒಳ್ಳೆಯ ದರ ಬರುವವರೆಗೆ ಕಾಯೋಣವೆಂದು ತಮ್ಮ ಚೀಲಗಳನ್ನು ನಮ್ಮಲ್ಲಿ ಇಟ್ಟಿರುತ್ತಾರೆ. ಕೋಣೆಯ ಶೈತ್ಯ ಕೆಲವು ದಿನ ತಪ್ಪಿದರೂ ಕಾಯಿಯ ಬಣ್ಣ ಮಾಸುತ್ತದೆ, ಬಣ್ಣ ಮಾಸಿದರೆ ಅವರ ವರ್ಷದ ದುಡಿಮೆಗೇ ಪೆಟ್ಟು ಬೀಳುತ್ತದೆ. ಆದ್ದರಿಂದ ಈ ಸಮಸ್ಯೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಅಮೋನಿಯಾ ವ್ಯವಸ್ಥೆ. ಅಡ್ಡಲಾಗಿ ಮಲಗಿಸಿದ ಕಂಡೆನ್ಸರ್‌ನ (ಅಮೋನಿಯಾ ಅನಿಲ ತಣಿದು ದ್ರವವಾಗುವ ಭಾಗ) ಉಕ್ಕಿನ ಕೊಳವೆಗಳ ಒಳಗೆ ನೀರು, ಹೊರಗೆ ಅಮೋನಿಯಾ. ನೀರನ್ನು ತಣಿಸಲು ಒಂದು ಕೂಲಿಂಗ್ ಟವರ್ ಇದೆ. ಪಂಪು ಗಂಟೆಗೆ ಸುಮಾರು 1 ಲಕ್ಷ ಲೀಟರ್ ನೀರನ್ನು ತಿರುಗಿಸುತ್ತದೆ. ತೊಟ್ಟಿ ಮತ್ತು ಪೈಪುಗಳಲ್ಲಿ ಒಟ್ಟು 25 ಸಾವಿರ ಲೀಟರ್ ನೀರು ನಿಂತಿರುತ್ತದೆ. ಕಾಲುವೆಗೆ ನೀರು ಬಿಟ್ಟಿರುವ ತಿಂಗಳುಗಳಲ್ಲಿ ಅನುಮತಿ ಪಡೆದು ಎಚ್‌ಎಲ್‌ಸಿ (ತುಂಗಭದ್ರಾ ಮೇಲ್ಮಟ್ಟದ ಕಾಲುವೆ) ನೀರನ್ನು ಬಳಸುತ್ತೇವೆ, ಕಾಲುವೆ ನಿಂತ ಮೇಲೆ ಮಳೆಗಾಲದವರೆಗೆ ಕೊಳವೆಬಾವಿಯ ನೀರೇ ಗತಿ. ಆ ನೀರು ಸವಳು. ಅದರಲ್ಲಿ ತೊಗರಿ ಬೇಳೆಯೂ ಬೇಯುವುದಿಲ್ಲ.

ಕಾಲುವೆ ನೀರು ಇದ್ದಾಗ ಹೆಡ್ ಪ್ರೆಶರ್ (ಕಂಡೆನ್ಸರ್‌ನಲ್ಲಿನ ಅಮೋನಿಯಾ ಒತ್ತಡ) ಚದರ ಸೆಂ.ಮೀ.ಗೆ 14 ಕೆಜಿಯ ಆಸುಪಾಸಿನಲ್ಲಿ ಇರುತ್ತಿತ್ತು. ಕೊಳವೆಬಾವಿಯ ನೀರಿಗೆ ಬದಲಾಯಿಸಿ ಎರಡೂವರೆ ತಿಂಗಳಾಗುವ ಹೊತ್ತಿಗೆ ಅದು 17 ಕೆಜಿಗೆ ಏರಿದೆ. ಕಂಡೆನ್ಸರ್‌ಗೆ ಹೋಗುವ ನೀರು 28 ಡಿಗ್ರಿ, ಹೊರಬರುವ ನೀರು 33 ಡಿಗ್ರಿ. ಒತ್ತಡ ಮಿತಿ ಮೀರಿದಾಗ ಯಂತ್ರ ನಿಲ್ಲಿಸುವ ಹೈ ಪ್ರೆಶರ್ ಕಟ್‌ಔಟ್ ಬಿದ್ದು ಕಂಪ್ರೆಸರ್ ಎರಡು ಬಾರಿ ನಿಂತಿತು. ತುದಿಯ ಮುಚ್ಚಳ ಬಿಚ್ಚಿ ನೋಡಿದಾಗ ಕೊಳವೆಗಳ ಒಳಗೆ ಬೂದು ಮಿಶ್ರಿತ ಬಿಳಿಯ ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಬರಲಿಲ್ಲ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಚೂರಾಗಿ ಎದ್ದಿತು.

ಕೆಮಿಕಲ್ ಹಾಕದೆ ಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಪ್ರತಿ ಸೋಮವಾರ 5 ಲೀಟರ್ ಆಂಟಿಸ್ಕೇಲೆಂಟ್ (ಹಕ್ಕಳೆ ತಡೆಯುವ ಕೆಮಿಕಲ್) ದ್ರಾವಣವನ್ನು ತೊಟ್ಟಿಗೆ ಸುರಿಯುತ್ತೇವೆ. ಪಾಚಿ ಕಟ್ಟಬಾರದೆಂದು ದಿನ ಬಿಟ್ಟು ದಿನ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಸಾಂದ್ರವಾದ ನೀರನ್ನು ಹೊರಬಿಡುವ ಬ್ಲೋಡೌನ್ ವಾಲ್ವನ್ನು ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ತೆರೆಯುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ. ಕೆಮಿಕಲ್ ಪೂರೈಸುವವರನ್ನು ಕೇಳಿದರೆ ಪ್ರಮಾಣವನ್ನು ಎರಡರಷ್ಟು ಮಾಡಿ ಎನ್ನುತ್ತಾರೆ. ಅದಕ್ಕೆ ಒಪ್ಪುವ ಮೊದಲು ನೀರನ್ನು ಪರೀಕ್ಷೆ ಮಾಡಿಸಿದೆ.

ಕೊಳವೆಬಾವಿಯ ನೀರು: ವಾಹಕತೆ (ಕರಗಿದ ಲವಣ ಎಷ್ಟಿದೆ ಎಂಬ ಸೂಚನೆ) 1,600 ಮೈಕ್ರೋಸೀಮೆನ್ಸ್, ಪಿಎಚ್ 7.5, ಒಟ್ಟು ಗಡಸುತನ 480, ಕ್ಯಾಲ್ಸಿಯಂ ಗಡಸುತನ 260, ಕ್ಷಾರೀಯತೆ 400, ಕ್ಲೋರೈಡ್ 160, ಸಿಲಿಕಾ 40.

ಟವರ್ ತೊಟ್ಟಿಯ ನೀರು: ವಾಹಕತೆ 6,000, ಪಿಎಚ್ 8.9, ಒಟ್ಟು ಗಡಸುತನ 1,400, ಕ್ಯಾಲ್ಸಿಯಂ ಗಡಸುತನ 520, ಕ್ಷಾರೀಯತೆ 1,010, ಕ್ಲೋರೈಡ್ 720, ಸಿಲಿಕಾ 138.

ವಾಹಕತೆ ಮತ್ತು ಪಿಎಚ್ ಬಿಟ್ಟು ಉಳಿದವೆಲ್ಲ ಪಿಪಿಎಂ ಲೆಕ್ಕದಲ್ಲಿವೆ. ಗಡಸುತನ, ಕ್ಷಾರೀಯತೆಗಳನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಲೆಕ್ಕ ಹಾಕಿದ್ದಾರೆ. ಈ ಅಂಕಿಗಳಿಂದ ಏನು ತಿಳಿಯಬೇಕು? ಕೆಮಿಕಲ್ ಹೆಚ್ಚಿಸುವುದೇ ದಾರಿಯೇ, ಅಥವಾ ನಾವು ಬೇರೆಲ್ಲೋ ತಪ್ಪುತ್ತಿದ್ದೇವೆಯೇ? ಇನ್ನೊಂದು ಮಾತು: ಕಟ್‌ಔಟ್ ಸೆಟ್ಟಿಂಗ್ ಸ್ವಲ್ಪ ಏರಿಸಿ ಈ ಹಂಗಾಮು ದಾಟಿಸೋಣ ಎಂಬ ಸಲಹೆಯೂ ಬಂದಿದೆ. ನನಗೆ ಅದು ಸರಿಯೆನಿಸಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ: ರೆಫ್ರಿಜರೇಷನ್ ಮೆಕ್ಯಾನಿಕ್, ಗಂಗಾವತಿ

ಶರಣು. ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ: ಕಟ್‌ಔಟ್ ಸೆಟ್ಟಿಂಗನ್ನು ಯಾವ ಕಾರಣಕ್ಕೂ ಏರಿಸಬೇಡಿ. ಯಂತ್ರದ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಹುಡುಗರ ಜೀವ ಕಾಯುವ ಸಾಧನ ಅದು. ನೀವು ಒಪ್ಪದಿದ್ದದ್ದು ಸರಿ.

ಹಕ್ಕಳೆ ಕಣ್ಣಿಗೆ ಕಂಡಿದೆ ಎಂದ ಮಾತ್ರಕ್ಕೆ ಒತ್ತಡ ಏರಲು ಅದೊಂದೇ ಕಾರಣ ಎಂದು ತೀರ್ಮಾನಿಸಬಾರದು. ಅಮೋನಿಯಾ ವ್ಯವಸ್ಥೆಯೊಳಗೆ ಗಾಳಿ ಸೇರಿಕೊಂಡರೂ ಹೆಡ್ ಪ್ರೆಶರ್ ಹೀಗೆಯೇ ಏರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ರಾತ್ರಿ ಹೊರೆ ಕಡಿಮೆ ಇರುವಾಗ ಕಂಪ್ರೆಸರ್ ನಿಲ್ಲಿಸಿ, ಕಂಡೆನ್ಸರ್‌ಗೆ ನೀರು ಮಾತ್ರ ಹರಿಯುತ್ತಿರಲಿ. ಒಳಹೋಗುವ ನೀರಿನ ಉಷ್ಣತೆಯೂ ಹೊರಬರುವ ನೀರಿನ ಉಷ್ಣತೆಯೂ ಒಂದೇ ಆಗುವವರೆಗೆ ಕಾದು ಗೇಜ್ ನೋಡಿ. ಆ ಉಷ್ಣತೆಗೆ ಅಮೋನಿಯಾದ ಒತ್ತಡ ಎಷ್ಟಿರಬೇಕೋ ಅಷ್ಟೇ ಇರಬೇಕು. ನೀರು 30 ಡಿಗ್ರಿ ಇದ್ದರೆ ಗೇಜ್ 10.9 ಕೆಜಿಯ ಹತ್ತಿರ ನಿಲ್ಲಬೇಕು. ಅದಕ್ಕಿಂತ ಒಂದು ಕೆಜಿಯೋ ಅದಕ್ಕೂ ಮೀರಿಯೋ ತೋರಿಸಿದರೆ ಒಳಗೆ ಗಾಳಿ ಇದೆ ಎಂದರ್ಥ; ಅದನ್ನು ಪರ್ಜ್ ಮಾಡಿ ಹೊರಹಾಕದೆ ಕೊಳವೆಯನ್ನು ಎಷ್ಟು ಉಜ್ಜಿದರೂ ಒತ್ತಡ ಪೂರ್ತಿ ಇಳಿಯುವುದಿಲ್ಲ.

ಗಾಳಿ ಇಲ್ಲವೆಂದಾದರೆ ನಿಮ್ಮ ಅಂಕಿಗಳೇ ಕಥೆ ಹೇಳುತ್ತಿವೆ. 17 ಕೆಜಿ ಎಂದರೆ ಅಮೋನಿಯಾ ಸುಮಾರು 45 ಡಿಗ್ರಿಯಲ್ಲಿ ದ್ರವವಾಗುತ್ತಿದೆ. ಹೊರಬರುವ ನೀರು 33 ಡಿಗ್ರಿ. ನಡುವಿನ ಅಂತರ 12 ಡಿಗ್ರಿ. ಕೊಳವೆ ಶುಚಿಯಾಗಿದ್ದರೆ ಈ ಅಂತರ ನಾಲ್ಕೈದು ಡಿಗ್ರಿಗೆ ಮೀರಬಾರದು. ನಿಮ್ಮ 14 ಕೆಜಿಯ ದಿನಗಳಲ್ಲಿ ಅಮೋನಿಯಾ 38 ಡಿಗ್ರಿಯ ಹತ್ತಿರ ಇತ್ತು. ಟವರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಏಕೆಂದರೆ ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ 28 ಡಿಗ್ರಿಯ ನೀರು ಸಿಗುತ್ತಿರುವುದು ಒಳ್ಳೆಯ ಲಕ್ಷಣ. ತಣ್ಣೀರು ಕೊಳವೆಯವರೆಗೆ ಬರುತ್ತಿದೆ, ಕೊಳವೆಯ ಗೋಡೆ ದಾಟಿ ಶಾಖ ನೀರಿಗೆ ಬರುತ್ತಿಲ್ಲ. ಸುಣ್ಣದ ಹಕ್ಕಳೆ ಉಕ್ಕಿಗಿಂತ ಸುಮಾರು ಇಪ್ಪತ್ತು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಅದಕ್ಕೇ ತೆಳು ಪದರವೂ ಇಷ್ಟು ಕಾಡುತ್ತದೆ.

ಕಂಡೆನ್ಸಿಂಗ್ ಉಷ್ಣತೆ ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ಎಳೆಯುವ ವಿದ್ಯುತ್ ಶೇ 2ರಿಂದ 3ರಷ್ಟು ಏರುತ್ತದೆ. ಏಳು ಡಿಗ್ರಿಗೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ, ಬಿಲ್ಲಿನ ಜೊತೆ ಹೋಲಿಸಿ ನೋಡಿ.

ಇನ್ನೊಂದು ಪರೀಕ್ಷೆಯನ್ನೂ ಬಿಡಬೇಡಿ. ತೊಟ್ಟಿಯ ನೀರಿನಲ್ಲಿ ಅಮೋನಿಯಾ ಇದೆಯೇ ಎಂದು ನೋಡಿಸಿ. ಕೊಳವೆ ಎಲ್ಲಾದರೂ ಸೋರುತ್ತಿದ್ದರೆ ಅಮೋನಿಯಾ ನೀರಿಗೆ ಸೇರಿ ಪಿಎಚ್ ಏರುತ್ತದೆ, ಪಿಎಚ್ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ನಿಮ್ಮ ಪಿಎಚ್ 8.9ಕ್ಕೆ ಏರಲು ಟವರ್ ಒಂದೇ ಸಾಕಾದ ಕಾರಣ. ಆದರೂ ಊಹೆಯ ಮೇಲೆ ಬಿಡುವ ವಿಷಯವಲ್ಲ ಇದು.

ಉತ್ತರ: ಅಕ್ಕಿ ಗಿರಣಿಯ ಬಾಯ್ಲರ್ ಆಪರೇಟರ್, ಸಿಂಧನೂರು

ನಮ್ಮ ಬಾಯ್ಲರ್‌ಗೆ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಕೂರಿಸಿದ ಮೇಲೆ ಈ ತೊಂದರೆ ಹೋಯಿತು. ಉಪ್ಪು ಹಾಕಿ ರೀಜನರೇಟ್ ಮಾಡುತ್ತಿದ್ದರೆ ಗಡಸುತನ ಐದು ಪಿಪಿಎಂಗಿಂತ ಕೆಳಗೆ ಇರುತ್ತದೆ. ಕೆಮಿಕಲ್‌ನವರನ್ನು ನಂಬಿಕೊಂಡು ಕೂರುವ ಬದಲು ನೀವೂ ಅದನ್ನೇ ಮಾಡಬಹುದಲ್ಲವೇ?

ಉತ್ತರ: ನಿವೃತ್ತ ನೀರು ಪರೀಕ್ಷಕ, ರಾಯಚೂರು

ಶಕ್ತಿನಗರದಲ್ಲಿ ಕೃಷ್ಣಾ ನದಿಯ ನೀರು ಮತ್ತು ಕೂಲಿಂಗ್ ಟವರ್‌ಗಳ ನೀರಿನ ಪರೀಕ್ಷೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಗಂಗಾವತಿಯ ಮಿತ್ರರು ಯಂತ್ರದ ಕಡೆಯಿಂದ ಹೇಳಿದ್ದು ಸರಿಯಾಗಿದೆ. ನೀರಿನ ಕಡೆಯಿಂದ ನೋಡಿದರೂ ನಿಮ್ಮ ಪ್ರಶ್ನೆಗೆ ಉತ್ತರ ನೀವು ಬರೆದ ಅಂಕಿಗಳಲ್ಲಿಯೇ ಇದೆ.

ಟವರ್‌ನಲ್ಲಿ ನೀರು ಆವಿಯಾಗುವಾಗ ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ ಎಂಬುದು ನಿಮಗೆ ಗೊತ್ತು. ಅವು ಎಷ್ಟು ಪಟ್ಟು ಸಾಂದ್ರವಾಗಿವೆ ಎಂಬುದನ್ನು ಸೈಕಲ್ ಎನ್ನುತ್ತೇವೆ. ಇದನ್ನು ಅಳೆಯಲು ಕ್ಲೋರೈಡ್ ಒಳ್ಳೆಯ ಸಾಕ್ಷಿ, ಏಕೆಂದರೆ ಅದು ಎಲ್ಲಿಯೂ ಹಕ್ಕಳೆಯಾಗಿ ಕೂರುವುದಿಲ್ಲ. ನಿಮ್ಮ ಕ್ಲೋರೈಡ್ 160ರಿಂದ 720ಕ್ಕೆ ಹೋಗಿದೆ, ಅಂದರೆ ನೀರು ನಾಲ್ಕೂವರೆ ಪಟ್ಟು ಸಾಂದ್ರವಾಗಿದೆ. ಬ್ಲೀಚಿಂಗ್ ಪೌಡರ್‌ನಿಂದ ಕೊಂಚ ಕ್ಲೋರೈಡ್ ಸೇರಿರುತ್ತದೆ, ಆದರೆ ಈ ಮಟ್ಟದಲ್ಲಿ ಅದು ಲೆಕ್ಕವನ್ನು ಕೆಡಿಸದು. ಹಾಗಿದ್ದರೆ ಕ್ಯಾಲ್ಸಿಯಂ ಕೂಡ ನಾಲ್ಕೂವರೆ ಪಟ್ಟಾಗಿ 1,170 ಇರಬೇಕಿತ್ತು. ಇರುವುದು 520. ಉಳಿದ 650 ಪಿಪಿಎಂ ಎಲ್ಲಿ ಹೋಯಿತು? ನೀವು ಮುಚ್ಚಳ ಬಿಚ್ಚಿದಾಗ ಕಂಡದ್ದು ಅದೇ. ಕ್ಷಾರೀಯತೆಯೂ 1,800 ಆಗಬೇಕಿದ್ದದ್ದು 1,010ಕ್ಕೆ ನಿಂತಿದೆ. ಕ್ಯಾಲ್ಸಿಯಂ ಜೊತೆ ಕೈ ಹಿಡಿದು ಹೊರಗೆ ಹೋದದ್ದು ಅದು.

ವಾಹಕತೆಯನ್ನು ಮಾತ್ರ ನೋಡುವವರು ಇಲ್ಲಿ ಮೋಸ ಹೋಗುತ್ತಾರೆ. 6,000ವನ್ನು 1,600ರಿಂದ ಭಾಗಿಸಿದರೆ ಮೂರೂಮುಕ್ಕಾಲು ಬರುತ್ತದೆ, ಸೈಕಲ್ ಅಷ್ಟೇನೂ ಏರಿಲ್ಲ ಎನಿಸುತ್ತದೆ. ಲವಣ ಕೊಳವೆಯ ಮೇಲೆ ಕುಳಿತದ್ದರಿಂದಲೇ ವಾಹಕತೆ ಕಡಿಮೆ ತೋರಿಸುತ್ತಿದೆ. ಕ್ಲೋರೈಡ್ ಹೇಳುವ ಸೈಕಲ್ ಮತ್ತು ವಾಹಕತೆ ಹೇಳುವ ಸೈಕಲ್ ನಡುವೆ ಅಂತರ ಬೆಳೆಯುತ್ತಾ ಹೋದರೆ, ಮುಚ್ಚಳ ಬಿಚ್ಚದೆಯೇ ಹಕ್ಕಳೆ ಕಟ್ಟುತ್ತಿದೆ ಎಂದು ತಿಳಿಯಬಹುದು.

ಎಷ್ಟು ಕಟ್ಟಿರಬಹುದು ಎಂಬುದನ್ನೂ ಲೆಕ್ಕ ಹಾಕೋಣ. ಗಂಟೆಗೆ 1 ಲಕ್ಷ ಲೀಟರ್ ನೀರು ಐದು ಡಿಗ್ರಿ ತಣಿಯಬೇಕಾದರೆ ದಿನಕ್ಕೆ 18 ಸಾವಿರ ಲೀಟರ್‌ಗೂ ಸ್ವಲ್ಪ ಹೆಚ್ಚು ಆವಿಯಾಗುತ್ತದೆ. ಸೈಕಲ್‌ನಿಂದ ಒಂದನ್ನು ಕಳೆದು, ಆವಿಯ ಪ್ರಮಾಣವನ್ನು ಅದರಿಂದ ಭಾಗಿಸಿದರೆ ಬ್ಲೋಡೌನ್ ಸಿಗುತ್ತದೆ: ದಿನಕ್ಕೆ ಸುಮಾರು 5,300 ಲೀಟರ್. ಅದರ ಪ್ರತಿ ಸಾವಿರ ಲೀಟರ್‌ಗೆ 650 ಗ್ರಾಂ ಸುಣ್ಣ ಕಾಣೆಯಾಗಿದೆ ಎಂದರೆ ದಿನಕ್ಕೆ ಸುಮಾರು ಮೂರೂವರೆ ಕಿಲೋ. ಎರಡೂವರೆ ತಿಂಗಳಲ್ಲಿ ಇನ್ನೂರೈವತ್ತು ಕಿಲೋ. ಯಂತ್ರ ದಿನವಿಡೀ ನಡೆದಿಲ್ಲದಿದ್ದರೆ ಅಷ್ಟರಮಟ್ಟಿಗೆ ಕಡಿಮೆ. ಅದೆಲ್ಲವೂ ಕೊಳವೆಗಳಲ್ಲಿಲ್ಲ, ಟವರ್‌ನೊಳಗೆ ನೀರು ಹರಡಿ ಇಳಿಯುವ ಫಿಲ್ ಮೇಲೆ, ತೊಟ್ಟಿಯ ತಳದಲ್ಲಿ ಕೆಸರಾಗಿಯೂ ಇರುತ್ತದೆ. ಆದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಒಂದು ವಿಚಿತ್ರ ಗುಣವಿದೆ. ಸಕ್ಕರೆ, ಅಡುಗೆ ಉಪ್ಪಿನಂತೆ ಅದು ಬಿಸಿ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಮೇಲಾಗಿ ಟವರ್‌ನಲ್ಲಿ ಗಾಳಿ ಬಡಿಯುವಾಗ ನೀರಿನ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ, ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ, ಪಿಎಚ್ ಏರುತ್ತದೆ. ಹೀಗೆ ಸಿದ್ಧವಾಗಿ ಬಂದ ನೀರಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬಿಸಿಯಾದ ಜಾಗ ಸಿಗುವುದು ಕಂಡೆನ್ಸರ್ ಕೊಳವೆಯ ಗೋಡೆ. ಅಲ್ಲಿಯೇ ಅದು ಕೂರುತ್ತದೆ.

1936ರಲ್ಲಿ ಲ್ಯಾಂಗ್ಲಿಯರ್ ಎಂಬ ವಿಜ್ಞಾನಿ ರೂಪಿಸಿದ ಸೂಚ್ಯಂಕವನ್ನು ನಿಮ್ಮ ತೊಟ್ಟಿಯ ನೀರಿಗೆ, 40 ಡಿಗ್ರಿಯ ಗೋಡೆಗೆ ಲೆಕ್ಕ ಹಾಕಿದೆ, ಸುಮಾರು 2.8 ಬಂತು. ಸೊನ್ನೆಗಿಂತ ಮೇಲಿದ್ದರೆ ಸುಣ್ಣ ಕೂರುವ ಒಲವು ಇದೆ ಎಂದರ್ಥ. ಒಳ್ಳೆಯ ಫಾಸ್ಫೋನೇಟ್ ಮತ್ತು ಪಾಲಿಮರ್ ಕೆಮಿಕಲ್ ಅದನ್ನು 2.5ರ ಆಸುಪಾಸಿನವರೆಗೆ ತಡೆದು ಹಿಡಿಯಬಲ್ಲದು. ನೀವು ಆ ಗಡಿಯ ಆಚೆ ಇದ್ದೀರಿ, ಅದೂ ಅಷ್ಟು ಸುಣ್ಣ ಹೊರಬಿದ್ದ ಮೇಲೆ ಉಳಿದ ನೀರಿನ ಲೆಕ್ಕ ಇದು. ಇಂಥ ನೀರಿಗೆ ಕೆಮಿಕಲ್ ಎರಡರಷ್ಟು ಹಾಕಿದರೆ ಖರ್ಚು ಎರಡರಷ್ಟಾಗುತ್ತದೆ.

ಮೂಲ ತಪ್ಪು ಎಲ್ಲಿದೆ ಎಂದರೆ, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಎಂಬ ಪದ್ಧತಿ ಕಾಲುವೆಯ ನೀರಿಗಾಗಿ ಹುಟ್ಟಿದ್ದು. ತುಂಗಭದ್ರೆಯ ತಿಳಿ ನೀರು ನಾಲ್ಕೂವರೆ ಪಟ್ಟು ಸಾಂದ್ರವಾದರೂ ಕೊಳವೆಗೆ ಅಪಾಯವಿಲ್ಲ. ಕೊಳವೆಬಾವಿಯ ನೀರು ಬಂದ ದಿನವೇ ಆ ಪದ್ಧತಿ ಬದಲಾಗಬೇಕಿತ್ತು. ನೀರು ಬದಲಾಯಿತು, ವಾಲ್ವ್ ತೆರೆಯುವ ಕೈ ಬದಲಾಗಲಿಲ್ಲ. ಇದು ನಿಮ್ಮೊಬ್ಬರ ತಪ್ಪಲ್ಲ, ನಾನು ನೋಡಿದ ಸಣ್ಣ ಘಟಕಗಳಲ್ಲಿ ಬಹಳಷ್ಟು ಕಡೆ ಬ್ಲೋಡೌನನ್ನು ಗಡಿಯಾರ ನೋಡಿ ಬಿಡುತ್ತಾರೆ, ಮೀಟರ್ ನೋಡಿ ಬಿಡುವುದಿಲ್ಲ.

ಇನ್ನು ಎಷ್ಟಕ್ಕೆ ಇಳಿಸಬೇಕು? ನಿಮ್ಮ ಕ್ಷಾರೀಯತೆ 400 ಇರುವುದರಿಂದ ಎರಡೂವರೆ ಸೈಕಲ್ ಕೂಡ ಹೆಚ್ಚೇ ಆಗುತ್ತದೆ. ಬರೀ ಕೊಳವೆಬಾವಿಯ ನೀರಾದರೆ ಎರಡು ಸೈಕಲ್‌ಗೆ ನಿಲ್ಲಿಸಿ, ಒಳ್ಳೆಯ ಕೆಮಿಕಲನ್ನು ಬಿಡದೆ ಹಾಕಿದರೆ ಗಡಿಯ ಮೇಲೆ ನಿಲ್ಲಬಹುದು. ಅದಕ್ಕೆ ಈಗಿನದಕ್ಕಿಂತ ದಿನಕ್ಕೆ 13 ಸಾವಿರ ಲೀಟರ್ ನೀರು ಹೆಚ್ಚು ಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ, ನನಗೂ ಆ ಸಲಹೆ ಕೊಡಲು ಮನಸ್ಸು ಒಪ್ಪುವುದಿಲ್ಲ. ನಿಮ್ಮ ಹತ್ತಿರ ಜಾಗವಿದ್ದರೆ ಕಾಲುವೆ ನಿಲ್ಲುವ ಮೊದಲೇ, ಅನುಮತಿಯ ಮಿತಿಯೊಳಗೆ, ಹಾಳೆ ಹಾಸಿದ ಹೊಂಡದಲ್ಲಿ ಆ ನೀರನ್ನು ತುಂಬಿಟ್ಟುಕೊಂಡು, ಬೇಸಿಗೆಯಲ್ಲಿ ಅರ್ಧಕ್ಕರ್ಧ ಬೆರೆಸಿ. ಕಾಲುವೆ ನೀರಿನ ಕ್ಯಾಲ್ಸಿಯಂ 60, ಕ್ಷಾರೀಯತೆ 110 ಎಂದು ಹಿಡಿದು ಲೆಕ್ಕ ಹಾಕಿದರೆ, ಎರಡೂವರೆ ಸೈಕಲ್‌ನಲ್ಲಿ ಸೂಚ್ಯಂಕ 2.3ಕ್ಕೆ ಇಳಿಯುತ್ತದೆ, ಸಿಲಿಕಾ ಕೂಡ ಈಗಿನಂತೆ 150ರ ಗಡಿಯ ಪಕ್ಕದಲ್ಲಿ ನಿಲ್ಲದೆ ಬಹಳ ಕೆಳಗೆ ಬರುತ್ತದೆ. ದಿನಕ್ಕೆ 15 ಸಾವಿರ ಲೀಟರ್‌ನಂತೆ 75 ದಿನಕ್ಕೆ ಹನ್ನೊಂದೂಕಾಲು ಲಕ್ಷ ಲೀಟರ್ ಬೇಕು. ನಮ್ಮ ಬಿಸಿಲಿಗೆ ಹೊಂಡದಿಂದ ಆವಿಯಾಗುವುದನ್ನೂ ಸೇರಿಸಿದರೆ 15 ಲಕ್ಷ ಲೀಟರ್ ಹಿಡಿಸುವ ಹೊಂಡ. ದೊಡ್ಡ ಕೃಷಿಹೊಂಡದ ಗಾತ್ರ ಅದು, ಅಸಾಧ್ಯವಲ್ಲ. ಮುಂದಿನ ವರ್ಷಕ್ಕಾದರೂ ಮಾಲೀಕರ ಮುಂದೆ ಈ ಲೆಕ್ಕವನ್ನು ಇಡಿ.

ಸಿಂಧನೂರಿನ ಸೋದರರು ಸಾಫ್ಟ್‌ನರ್ ಎಂದಿದ್ದಾರೆ. ಬಾಯ್ಲರ್‌ಗೆ ಅದು ಅಗತ್ಯವೇ. ಟವರ್‌ನಲ್ಲಿ ಅದು ಪೂರ್ತಿ ಉತ್ತರವಲ್ಲ, ಏಕೆಂದರೆ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಕ್ಷಾರೀಯತೆಯನ್ನು ಮುಟ್ಟುವುದಿಲ್ಲ. ಅರ್ಧ ನೀರನ್ನು ಮಾತ್ರ ಮೆದು ಮಾಡಿ ಬೆರೆಸಿ ಮೂರು ಸೈಕಲ್ ನಡೆಸಿದರೆ, ಕ್ಷಾರೀಯತೆ 1,200ಕ್ಕೆ ಏರಿ ಸೂಚ್ಯಂಕ ಪುನಃ 2.8ರ ಹತ್ತಿರವೇ ಬರುತ್ತದೆ. ಪೂರ್ತಿ ಮೆದು ಮಾಡಿದರೆ ಸುಣ್ಣ ಕೂರದು, ಆದರೆ ಪಿಎಚ್ 9 ದಾಟಿ, ಸತು ಲೇಪಿಸಿದ ತಗಡಿನ ಟವರ್ ಆಗಿದ್ದರೆ ಲೇಪನ ಬಿಳಿಯ ಪುಡಿಯಾಗಿ ಏಳುತ್ತದೆ. ಉಪ್ಪಿನ ನೀರನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆಯೂ ಇದೆ, ಮೊದಲೇ ಸವಳಾದ ನೆಲ ನಮ್ಮದು. ಗಂಧಕಾಮ್ಲ ಹಾಕಿ ಕ್ಷಾರೀಯತೆ ಇಳಿಸುವ ಕ್ರಮವನ್ನು ದೊಡ್ಡ ಸ್ಥಾವರಗಳಲ್ಲಿ ಅನುಸರಿಸುತ್ತಾರೆ. ಸ್ವಯಂಚಾಲಿತ ಪಿಎಚ್ ನಿಯಂತ್ರಣ ಇಲ್ಲದ ಕಡೆ ಅದನ್ನು ಮಾಡಬಾರದು. ಒಂದು ರಾತ್ರಿ ಡೋಸಿಂಗ್ ಪಂಪ್ ನಿಲ್ಲದೆ ಓಡಿದರೆ ಕೊಳವೆಗಳೇ ತೂತಾಗುತ್ತವೆ.

ಪ್ರಶ್ನಿಸಿದವರು: ಶೈತ್ಯಾಗಾರದ ಮೇಲ್ವಿಚಾರಕ, ಬಳ್ಳಾರಿ

ಹಿರಿಯರಿಗೂ ಗಂಗಾವತಿಯ ಅಣ್ಣನವರಿಗೂ ಸಿಂಧನೂರಿನ ಮಿತ್ರರಿಗೂ ಮನಃಪೂರ್ವಕ ವಂದನೆಗಳು. ಕ್ಲೋರೈಡಿನ ಲೆಕ್ಕವನ್ನು ಓದಿ, ಕಾಗದದ ಮೇಲೆ ನಾನೇ ಮತ್ತೊಮ್ಮೆ ಮಾಡಿ ನೋಡಿದೆ. ಪರೀಕ್ಷಾ ವರದಿ ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲೆಯೇ ಇತ್ತು.

ನೀವು ಹೇಳಿದ ಪರೀಕ್ಷೆಗಳನ್ನು ಮಾಡಿದ್ದೇನೆ. ರಾತ್ರಿ ಕಂಪ್ರೆಸರ್ ನಿಲ್ಲಿಸಿ ನೀರು ಎರಡೂ ಕಡೆ 30 ಡಿಗ್ರಿಗೆ ಬಂದಾಗ ಗೇಜ್ 11.1 ತೋರಿಸಿತು. ಗಾಳಿ ದೊಡ್ಡ ಕಾರಣವಲ್ಲ ಎಂದು ತಿಳಿಯುತ್ತೇನೆ. ತೊಟ್ಟಿಯ ನೀರಿನಲ್ಲಿ ಅಮೋನಿಯಾ ಕಂಡುಬಂದಿಲ್ಲ. ಹಕ್ಕಳೆಯ ಒಂದು ಚೂರನ್ನು ಗಾಜಿನ ಲೋಟದಲ್ಲಿ ದುರ್ಬಲ ಆಮ್ಲಕ್ಕೆ ಹಾಕಿದಾಗ ಜೋರಾಗಿ ನೊರೆ ಬಂದು ಬಹುಪಾಲು ಕರಗಿತು. ತಳದಲ್ಲಿ ಸ್ವಲ್ಪ ಬೂದು ಬಣ್ಣದ ನುಣುಪು ಪುಡಿ ಉಳಿಯಿತು. ಕಟ್‌ಔಟ್ ಸೆಟ್ಟಿಂಗ್ ಮುಟ್ಟುವುದಿಲ್ಲವೆಂದು ಮಾಲೀಕರಿಗೆ ತಿಳಿಸಿದ್ದೇನೆ, ಅವರೂ ಒಪ್ಪಿದ್ದಾರೆ.

ವಾಹಕತೆ ಮೀಟರ್ ತರಿಸಿದ್ದೇನೆ. ಸದ್ಯಕ್ಕೆ ಬ್ಲೋಡೌನ್ ಹೆಚ್ಚಿಸಿ, ಎರಡು ಟ್ಯಾಂಕರ್ ನೀರಿಗೆ ಮಾಲೀಕರನ್ನು ಒಪ್ಪಿಸಿದ್ದೇನೆ. ನಮ್ಮ ಕಂಪ್ರೆಸರ್ ಈಗ ದಿನಕ್ಕೆ ಮೊದಲಿಗಿಂತ ಸುಮಾರು 300 ಯೂನಿಟ್ ಹೆಚ್ಚು ಎಳೆಯುತ್ತಿದೆ ಎಂಬ ಲೆಕ್ಕವನ್ನು ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಹೆಚ್ಚು ವಾದ ಮಾಡಬೇಕಾಗಲಿಲ್ಲ. ಎರಡು ವಿಷಯ ಉಳಿದಿವೆ. ಕೆಮಿಕಲನ್ನು ಈಗಿನಂತೆ ವಾರಕ್ಕೊಮ್ಮೆ ಸುರಿದರೆ ಸಾಕೇ? ಈಗ ಕಟ್ಟಿರುವ ಹಕ್ಕಳೆ ಒಳ್ಳೆಯ ನೀರು ಹರಿದರೆ ತಾನಾಗಿ ಬಿಡುತ್ತದೆಯೇ, ಅಥವಾ ಆಮ್ಲದಿಂದ ತೊಳೆಯಲೇಬೇಕೇ?

ಉತ್ತರ: ನಿವೃತ್ತ ನೀರು ಪರೀಕ್ಷಕ, ರಾಯಚೂರು

ತಾನಾಗಿ ಬಿಡುವುದಿಲ್ಲ. ಆಂಟಿಸ್ಕೇಲೆಂಟ್ ಹೊಸ ಹರಳು ಬೆಳೆಯದಂತೆ ತಡೆಯುತ್ತದೆ, ಕೂತು ಗಟ್ಟಿಯಾದುದನ್ನು ಈ ಹಂಗಾಮಿನೊಳಗೆ ಕರಗಿಸಿಕೊಡುವ ಶಕ್ತಿ ಅದಕ್ಕಿಲ್ಲ. ನೊರೆ ಬಂದದ್ದು ಶುಭ, ಅದು ಬಹುಪಾಲು ಕಾರ್ಬೊನೇಟ್. ಉಳಿದ ಬೂದು ಪುಡಿಯಲ್ಲಿ ಧೂಳು, ಸಿಲಿಕಾ ಇರಬಹುದು. ಅದನ್ನೂ ಕರಗಿಸುತ್ತೇವೆಂದು ಯಾರಾದರೂ ಫ್ಲೋರೈಡ್ ಇರುವ ಆಮ್ಲ ತಂದರೆ ಒಳಗೆ ಬಿಡಬೇಡಿ, ಕೈಗೆ ತಗುಲಿದರೆ ಮೂಳೆಯವರೆಗೆ ಇಳಿಯುವ ವಿಷ ಅದು.

ವಾರಕ್ಕೊಮ್ಮೆ ಸುರಿಯುವ ಕ್ರಮವನ್ನು ಇಂದೇ ನಿಲ್ಲಿಸಿ. 25 ಸಾವಿರ ಲೀಟರ್ ನೀರಿನಿಂದ ದಿನಕ್ಕೆ 5,300 ಲೀಟರ್ ಹೊರಹೋಗುತ್ತಿದ್ದಾಗಲೇ ಮೂರು ದಿನ ಕಳೆಯುವಷ್ಟರಲ್ಲಿ ಅರ್ಧ ಕೆಮಿಕಲ್ ಹೋಗಿ, ಮುಂದಿನ ಸೋಮವಾರಕ್ಕೆ ಕಾಲು ಭಾಗವೂ ಉಳಿಯುತ್ತಿರಲಿಲ್ಲ. ಈಗ ಬ್ಲೋಡೌನ್ ಮೂರು ಪಟ್ಟಿಗೂ ಹೆಚ್ಚಾಗಿದೆ. ಒಂದೇ ದಿನದಲ್ಲಿ ಅರ್ಧ ಖಾಲಿಯಾಗುತ್ತದೆ, ಗುರುವಾರದ ಹೊತ್ತಿಗೆ ನಿಮ್ಮ ನೀರು ಹೆಚ್ಚುಕಡಿಮೆ ಬರಿಗೈಯಲ್ಲಿ ಇರುತ್ತದೆ. ಸಣ್ಣ ಡೋಸಿಂಗ್ ಪಂಪ್ ಕೂರಿಸಿ, ಹೊಸ ನೀರು ಬರುವ ಪೈಪಿನ ಮೀಟರ್‌ಗೆ ಜೋಡಿಸಿ. ನೀರು ಬಂದಷ್ಟು ಕೆಮಿಕಲ್ ಹೋಗಲಿ. ಪೂರೈಕೆದಾರರನ್ನು ಒಂದು ಪ್ರಶ್ನೆ ಕೇಳಿ: ಕ್ಲೋರಿನ್ ಇರುವ ನೀರಿನಲ್ಲಿ ನಿಮ್ಮ ಫಾಸ್ಫೋನೇಟ್ ಉಳಿಯುತ್ತದೆಯೇ? ಎಟಿಎಂಪಿ ಎಂಬ ಬಗೆಯ ಫಾಸ್ಫೋನೇಟ್ ಕ್ಲೋರಿನ್‌ಗೆ ಬೇಗ ಒಡೆಯುತ್ತದೆ, ಪಿಬಿಟಿಸಿ ಎಂಬ ಬಗೆ ಬಹಳ ಚೆನ್ನಾಗಿ ತಡೆದುಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್‌ನಲ್ಲಿ ಸಾಕಷ್ಟು ಸುಣ್ಣವೇ ಇರುತ್ತದೆ, ಅಂದರೆ ತೆಗೆಯಬೇಕಾದ್ದನ್ನು ನೀವೇ ದಿನ ಬಿಟ್ಟು ದಿನ ಹಾಕುತ್ತಿದ್ದೀರಿ. ಅದರ ಬದಲು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಬಳಸಿ.

ಉತ್ತರ: ರೆಫ್ರಿಜರೇಷನ್ ಮೆಕ್ಯಾನಿಕ್, ಗಂಗಾವತಿ

ತೊಳೆಯುವ ವಿಷಯಕ್ಕೆ ನಾನು ಹೇಳುತ್ತೇನೆ. ಒಳಗೆ ಅಮೋನಿಯಾ ಇರುವಾಗ ಆಮ್ಲ ಸುತ್ತಿಸುವ ಮಾತೇ ಬೇಡ. ಹಕ್ಕಳೆಯ ಕೆಳಗೆ ಸೂಜಿಮೊನೆಯಷ್ಟು ತೂತು ಇದ್ದರೆ ಇಲ್ಲಿಯವರೆಗೆ ಹಕ್ಕಳೆಯೇ ಅದನ್ನು ಮುಚ್ಚಿರುತ್ತದೆ. ಆಮ್ಲ ಅದನ್ನು ಬಿಚ್ಚಿದ ಕ್ಷಣ ಅಮೋನಿಯಾ ನೀರಿಗೆ ನುಗ್ಗುತ್ತದೆ. ಅಮೋನಿಯಾವನ್ನು ರಿಸೀವರ್ ಎಂಬ ಸಂಗ್ರಹ ಟ್ಯಾಂಕಿಗೆ ಎಳೆದು ತುಂಬಿ (ಪಂಪ್‌ಡೌನ್), ಕಂಡೆನ್ಸರನ್ನು ಎರಡೂ ಕಡೆ ಪ್ರತ್ಯೇಕಿಸಿ, ಈ ಕೆಲಸ ಬಲ್ಲವರು ಮುಖವಾಡ ಧರಿಸಿ ನಿಂತಿರುವಾಗ ಮಾತ್ರ ಮುಂದಿನದು. ಕೋಣೆಗಳ ಶೈತ್ಯವನ್ನು ಹಿಂದಿನ ರಾತ್ರಿಯೇ ಒಂದೆರಡು ಡಿಗ್ರಿ ಹೆಚ್ಚು ಇಳಿಸಿಟ್ಟುಕೊಂಡು ಬಾಗಿಲು ತೆರೆಯದಿದ್ದರೆ ಒಂದು ಹಗಲು ಕಾಯಿಗೆ ತೊಂದರೆಯಾಗದು.

ಮೊದಲು ರಾಡ್ ಮತ್ತು ಬ್ರಷ್ ಹೊಡೆಯಿರಿ. ಕೈಯಿಂದ ಹೋಗುವಷ್ಟು ಹೋದರೆ ಆಮ್ಲ ಅಷ್ಟು ಉಳಿಯಿತು; ಒಂದು ಕಿಲೋ ಸುಣ್ಣ ಕರಗಿಸಲು ಅಂಗಡಿಯ ಶೇ 30ರ ಹೈಡ್ರೋಕ್ಲೋರಿಕ್ ಆಮ್ಲ ಎರಡೂವರೆ ಕಿಲೋ ಬೇಕಾಗುತ್ತದೆ. ಉಕ್ಕಿನ ಕೊಳವೆಗೆ ಶೇ 5ರ ಆಮ್ಲ, ಅದರಲ್ಲಿ ಲೋಹ ಕಾಯುವ ಇನ್‌ಹಿಬಿಟರ್ ಕಡ್ಡಾಯ. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಹಾಕಬೇಡಿ. ಕಂಡೆನ್ಸರ್‌ಗೆ ಮಾತ್ರ ಬೇರೆ ಪಂಪ್ ಮತ್ತು ಡ್ರಮ್ ಕಟ್ಟಿ. ಟವರ್ ಮೂಲಕ ಸುತ್ತಿಸಬೇಡಿ. ಅನಿಲ ಹೊರಹೋಗಲು ಮೇಲಿನ ವೆಂಟ್ ತೆರೆದಿರಲಿ. ಹೈಪೋಕ್ಲೋರೈಟ್ ಡಬ್ಬವನ್ನು ಆ ದಿನ ಆವರಣದ ಇನ್ನೊಂದು ಮೂಲೆಗೆ ಸಾಗಿಸಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅರ್ಧ ಗಂಟೆಗೊಮ್ಮೆ ಆಮ್ಲದ ಸಾಂದ್ರತೆ ನೋಡಿ, ಅದು ಇಳಿಯುವುದು ನಿಂತರೆ ಕರಗುವಂಥದ್ದು ಕರಗಿ ಮುಗಿದಿದೆ. ನಂತರವೂ ಸುತ್ತಿಸುತ್ತಿದ್ದರೆ ಅದು ತಿನ್ನುವುದು ಕೊಳವೆಯನ್ನೇ. ತೊಳೆದ ನೀರನ್ನು ಸೋಡಾ ಬೂದಿಯಿಂದ ತಟಸ್ಥಗೊಳಿಸಿ ನಿಯಮದಂತೆ ವಿಲೇವಾರಿ ಮಾಡಿ, ಹೊಲದ ಬದುವಿಗೋ ಕಾಲುವೆಗೋ ಬಿಡಬೇಡಿ. ಒತ್ತಡ ಪರೀಕ್ಷೆ ಮಾಡಿ ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆಯೇ ಅಮೋನಿಯಾ ಬಿಡಿ. ಶುಚಿಯಾದ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಅದೇ ದಿನ ಕೆಮಿಕಲ್ ಬೆರೆತ ನೀರು ತುಂಬಬೇಕು.

ಉತ್ತರ: ನಿವೃತ್ತ ನೀರು ಪರೀಕ್ಷಕ, ರಾಯಚೂರು

ಒಂದು ಮಾತು ಸೇರಿಸುತ್ತೇನೆ. ತೊಳೆಯುವಾಗ ಟವರ್ ತೊಟ್ಟಿಯ ಕೆಸರನ್ನೂ ತೆಗೆಸಿ. ಮರುದಿನದಿಂದ ಹತ್ತು ದಿನ ಪ್ರತಿದಿನ ಕ್ಲೋರೈಡ್, ಕ್ಯಾಲ್ಸಿಯಂ ಎರಡನ್ನೂ ಎರಡೂ ನೀರಿನಲ್ಲಿ ಅಳೆಯಿರಿ. ಕಿಟ್ ಇದ್ದರೆ ಕಾಲು ಗಂಟೆಯ ಕೆಲಸ. ಕ್ಯಾಲ್ಸಿಯಂ ಸೈಕಲನ್ನು ಕ್ಲೋರೈಡ್ ಸೈಕಲ್‌ನಿಂದ ಭಾಗಿಸಿ. ಈಗ ನಿಮ್ಮದು 0.44 ಇದೆ. ಅದು 0.9ರ ಮೇಲೆ ನಿಂತರೆ ಸುಣ್ಣ ನೀರಿನಲ್ಲೇ ಇದೆ. ಅದಕ್ಕಿಂತ ಕೆಳಗಿಳಿದ ದಿನ, ಹೆಡ್ ಪ್ರೆಶರ್ ಏರುವುದನ್ನು ಕಾಯದೆ, ಅಂದಿನ ಅಂಕಿಗಳನ್ನು ಇಲ್ಲಿ ಬರೆಯಿರಿ.